ಟ್ರಂಕಿನೊಳಗೆ ಏನಿತ್ತು ಎಂದು ಕೇಳುವ ವರದಿಗಳು: ‘ಪರಿ’ಯ ಹವಾಮಾನ ಸರಣಿ, ಒಂದು ವರ್ಷದ ಓದು

ನನ್ನ ಹತ್ತಿರ ಒಂದು ಪೇಪರ್ ಕಟಿಂಗ್ ಇದೆ. 2009ರ ಅಕ್ಟೋಬರ್ ಮೊದಲ ವಾರದ್ದು. ಮಲಪ್ರಭೆ ನಮ್ಮೂರೊಳಗೆ ಹೊಕ್ಕು ಮೂರು ದಿನವಾಗಿತ್ತು. ಡಾಂಬರು ರಸ್ತೆಯ ಬದಿಗೆ, ತಾಡಪತ್ರಿಯ ಕೆಳಗೆ ನಮ್ಮ ಆಯಿ, ಅಂದರೆ ಅಜ್ಜಿ, ಕೂತಿದ್ದಾಳೆ. ಪಕ್ಕದಲ್ಲಿ ಹಸಿರು ಬಣ್ಣದ ಟ್ರಂಕು, ಅದರ ಮೇಲೆ ಅವಳ ಎಡಗೈ. ಮುಚ್ಚಳ ಪೂರ್ತಿ ಮುಚ್ಚಿಲ್ಲ, ಸಂದಿಯಲ್ಲಿ ಒಂದು ಸವಟಿನ ಹಿಡಿಕೆ ಕಾಣುತ್ತದೆ. ಚಿತ್ರದ ಕೆಳಗೆ ಒಂದೇ ಸಾಲು: ‘ಸರ್ವಸ್ವವನ್ನೂ ಕಳೆದುಕೊಂಡ ವೃದ್ಧೆ’. ಹೆಸರಿಲ್ಲ. ಊರಿನ ಹೆಸರಿದೆ, ಆದರೆ ಅದು ಹೊಳೆಯಾಚೆಯ ಊರಿನದು.

ಆ ದಿನಗಳಲ್ಲಿ ನಾನು ಧಾರವಾಡದಲ್ಲಿ ಡಿ.ಎಡ್. ಓದುತ್ತ ಹಾಸ್ಟೆಲಿನಲ್ಲಿದ್ದೆ. ಊರಿಗೆ ಫೋನು ಹತ್ತುತ್ತಿರಲಿಲ್ಲ. ಮೆಸ್ಸಿನ ಟೇಬಲ್ಲಿನ ಮೇಲೆ ಬಿದ್ದಿದ್ದ ಪೇಪರಿನಲ್ಲಿ ಆಯಿಯ ಮುಖ ನೋಡಿ, ಅಯ್ಯೋ ಬದುಕಿದ್ದಾಳೆ ಎಂದು ಗೊತ್ತಾಗಿದ್ದೇ ಆ ಚಿತ್ರದಿಂದ. ಅದಕ್ಕಾಗಿ ಆ ಫೋಟೋ ತೆಗೆದವರಿಗೆ ಇವತ್ತಿಗೂ ನಾನು ಋಣಿ. ಆದರೆ ಆ ಸಾಲು ನನ್ನನ್ನು ಬಿಟ್ಟಿಲ್ಲ. ಅವರು ಆಯಿಯನ್ನು ಒಂದು ಮಾತೂ ಕೇಳದೆ, ಅವಳು ಏನೇನು ಕಳೆದುಕೊಂಡಳು ಎಂದು ತಾವೇ ಬರೆದರು. ಆಯಿ 2013ರಲ್ಲಿ ತೀರಿಕೊಂಡಳು. ನಾನೂ ಅವಳನ್ನು ಕೇಳಿರಲಿಲ್ಲ.

‘ಪರಿ’ ಜಾಲತಾಣದ ಹವಾಮಾನ ವರದಿಗಳ ಈ ವಿಮರ್ಶೆಯಲ್ಲಿ ನನ್ನ ಅಳತೆಗೋಲು ಆ ಕಟಿಂಗು. ಹವಾಮಾನ ಬದಲಾವಣೆ ಜನರ ಬದುಕಿಗೆ ಏನು ಮಾಡುತ್ತಿದೆ ಎಂಬ ವರದಿ ಓದುವಾಗೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಲ್ಲಿರುವ ಮನುಷ್ಯರನ್ನು ಮಾತಾಡಿಸಿದ್ದಾರೆಯೇ? ನೀರು ಇಳಿದ ಮೇಲೆ, ಬಿಸಿಲು ತಣ್ಣಗಾದ ಮೇಲೆ ಯಾರಾದರೂ ಅಲ್ಲಿಗೆ ತಿರುಗಿ ಹೋಗಿದ್ದಾರೆಯೇ?

ನಾನು ಹುಬ್ಬಳ್ಳಿಗೆ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಠಪುಸ್ತಕದಲ್ಲಿ ಹಸಿರುಮನೆ ಅನಿಲದ ಚಿತ್ರವಿದೆ, ಬಾಣದ ಗುರುತುಗಳಿವೆ, ಸೂರ್ಯನಿದ್ದಾನೆ, ಮನುಷ್ಯರು ಮಾತ್ರ ಇಲ್ಲ. ಮಕ್ಕಳಿಗೆ ಕನ್ನಡದಲ್ಲೇ ಓದಿ ಹೇಳುವಂಥದ್ದು ಏನಾದರೂ ಸಿಗುತ್ತದೆಯೇ ಎಂದು ಹುಡುಕುವಾಗ ಸಿಕ್ಕಿದ್ದು ‘ಪರಿ’, ಅಂದರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ. ಪತ್ರಕರ್ತ ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ ಶುರುಮಾಡಿದ ಜಾಲತಾಣ ಅದು. ಹಳ್ಳಿಗಾಡಿನ ಭಾರತದ ಬದುಕನ್ನು ಬರಹ, ಚಿತ್ರ, ದನಿ, ವಿಡಿಯೋಗಳಲ್ಲಿ ಕೂಡಿಡುವ ಕೆಲಸ ಅದರದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ 2019ರಿಂದ ಹವಾಮಾನ ಬದಲಾವಣೆಯ ಮೇಲೆ ಒಂದು ದೊಡ್ಡ ಸರಣಿ ತಂದರು. ವಿಜ್ಞಾನಿಗಳ ಬಾಯಿಂದ ಅಲ್ಲ, ರೈತರು, ಮೀನುಗಾರರು, ಕುರುಬರು, ಕೂಲಿಯವರು ತಾವೇ ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳುವ ಸರಣಿ. ಒಂದು ವರ್ಷ ಅದನ್ನೇ ಓದಿದೆ, ತರಗತಿಯಲ್ಲಿ ಬಳಸಿದೆ, ಮನೆಯಲ್ಲಿ ಓದಿ ಹೇಳಿದೆ. ನನ್ನಂಥ ಶಿಕ್ಷಕರಿಗೆ, ಓದುವ ಆಸೆಯಿದ್ದೂ ಇಂಗ್ಲಿಷಿನ ಭಯವಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಬಳಕೆಯ ಮಾತು. ಚಂದಾ ಇಲ್ಲ. ಮೊಬೈಲ್ ನಂಬರು ಕೇಳುವುದಿಲ್ಲ. ಹತ್ತಕ್ಕೂ ಹೆಚ್ಚು ಭಾರತೀಯ ಭಾಷೆಗಳಲ್ಲಿ ವರದಿಗಳಿವೆ, ಕನ್ನಡ ಆರಿಸಿಕೊಂಡರೆ ಕನ್ನಡದಲ್ಲೇ ಓದಬಹುದು. ಚಿತ್ರಗಳು ದೊಡ್ಡವು ಮತ್ತು ಬಹಳ, ಹಾಗಾಗಿ ನೆಟ್‌ವರ್ಕ್ ಸಣ್ಣಗಿರುವ ಊರಲ್ಲಿ ತೆರೆದುಕೊಳ್ಳಲು ಹೊತ್ತು ಹಿಡಿಯುತ್ತದೆ. ನಾನು ಹಿಂದಿನ ರಾತ್ರಿಯೇ ಮನೆಯಲ್ಲಿ ತೆರೆದಿಟ್ಟುಕೊಂಡು ಮರುದಿನ ಶಾಲೆಗೆ ಒಯ್ಯುತ್ತೇನೆ. ವರದಿಗಳು ಉದ್ದವಿರುತ್ತವೆ. ಬಸ್ಸಿಗೆ ಕಾಯುವಾಗ ಓದಿ ಮುಗಿಸುವಂಥವಲ್ಲ, ಅರ್ಧ ತಾಸು ಎತ್ತಿಟ್ಟುಕೊಳ್ಳಬೇಕು. ಸರ್ಕಾರದ, ವಿಶ್ವಸಂಸ್ಥೆಯ ವರದಿಗಳನ್ನು ಒಂದೆಡೆ ಇಟ್ಟ ಗ್ರಂಥಾಲಯವೂ ಅಲ್ಲಿದೆ. ಯೋಜನಾ ಕೆಲಸ ಮಾಡುವ ಕಾಲೇಜು ಮಕ್ಕಳಿಗೆ ಅದು ಬಹಳ ಬೇಕಾದದ್ದು.

ನನಗೆ ಹಿಡಿಸಿದ ಮೊದಲ ಸಂಗತಿ ಹೆಸರು. ಚಿತ್ರದ ಕೆಳಗೆ ಇವರು ಯಾರು, ಎಡಕ್ಕಿರುವವರು ಯಾರು, ಬಲಕ್ಕಿರುವವರು ಯಾರು, ಏನು ಮಾಡುತ್ತಿದ್ದಾರೆ ಎಂದು ಇರುತ್ತದೆ. ಕೊನೆಯಲ್ಲಿ ಬರೆದವರ ಹೆಸರಿನ ಜೊತೆ ಅನುವಾದ ಮಾಡಿದವರ ಹೆಸರೂ ಇರುತ್ತದೆ. ಸಣ್ಣ ವಿಷಯ ಅನ್ನಿಸಬಹುದು. ನನ್ನ ಕಟಿಂಗು ನೋಡಿದರೆ ಸಣ್ಣದಲ್ಲ ಎಂದು ತಿಳಿದೀತು.

ಈಗ ವರದಿಗಳಿಗೆ ಬರುತ್ತೇನೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯಲ್ಲಿ ಭಾರತಿನಗರ ಎಂಬ ಊರಿದೆ. ಅಲ್ಲಿನ ಹೆಂಗಸರು ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಸಮುದ್ರದ ಪಾಚಿ ಕೀಳುತ್ತಾರೆ. ಅಗರ್ ಎಂಬ ಅಂಟಿನ ಪದಾರ್ಥ ತಯಾರಾಗುವುದು ಇಂಥ ಪಾಚಿಯಿಂದ. ಬಂಡೆಗೆ ಬೆರಳು ತಾಗಿ ಕೊಯ್ಯಬಾರದೆಂದು ಅರಿವೆಯ ಚೂರುಗಳನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಸೀರೆಯ ಮೇಲೆ ಅಂಗಿ ತೊಟ್ಟು ನೀರಿಗಿಳಿಯುತ್ತಾರೆ. ತಾಯಿಂದ ಮಗಳಿಗೆ ಬಂದ ಕಸುಬು, ಅರವತ್ತು ದಾಟಿದವರೂ ಮುಳುಗುತ್ತಾರೆ. ಅಲ್ಲಿನ 21 ದ್ವೀಪಗಳ ಸುತ್ತಲಿನ ಕಡಲು 1986ರಿಂದ ರಾಷ್ಟ್ರೀಯ ಉದ್ಯಾನ, ಹಾಗಾಗಿ ಅರಣ್ಯ ಇಲಾಖೆಯ ಕಟ್ಟುಪಾಡುಗಳೂ ಇವೆ. ಈಗ ಕಡಲು ಬಿಸಿಯಾಗುತ್ತಿದೆ, ಗಾಳಿಯ ಹೊತ್ತು ತಪ್ಪಿದೆ, ಪಾಚಿ ಕಡಿಮೆಯಾಗಿದೆ.

ಇದನ್ನು ಒಂಬತ್ತನೆಯ ತರಗತಿಗೆ ಓದಿದೆ. ಹವಾಮಾನದ ಪಾಠ ಎಂದು ಮೊದಲೇ ಹೇಳಿರಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ, “ಟೀಚರ್, ಎಷ್ಟೊತ್ತು ಉಸಿರು ಹಿಡಿತಾರ?” ಹಿಡಿದು ನೋಡು ಅಂದೆ. ಇಡೀ ತರಗತಿ ಮೂಗು ಹಿಡಿದುಕೊಂಡಿತು. ಇಪ್ಪತ್ತಕ್ಕೆ ಅರ್ಧ ಮಂದಿ ಬಿಟ್ಟರು. ನಲವತ್ತಕ್ಕೆ ಒಬ್ಬಳೇ ಉಳಿದಳು, ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಅವಳೇ ಕೇಳಿದಳು: “ಮುಳುಗಿದ ಮ್ಯಾಲೆ ಪಾಚಿ ಸಿಗಲಿಲ್ಲಂದ್ರ ಆ ಉಸಿರು ಹಾಳ ಅಲ್ಲೇನ್ರಿ?” ಇಷ್ಟು ವರ್ಷ ನಾನು ಬೋರ್ಡಿನ ಮೇಲೆ ಬರೆದ ‘ಜೀವನೋಪಾಯದ ಮೇಲೆ ಪರಿಣಾಮ’ ಎಂಬ ಶಬ್ದಗಳನ್ನು ಅವತ್ತು ಆ ಹುಡುಗಿ ಒಂದು ಸಾಲಿನಲ್ಲಿ ಬಿಡಿಸಿ ಹೇಳಿದಳು.

ಅದೇ ಜಿಲ್ಲೆಯ ಪಾಂಬನ್‌ನಲ್ಲಿ ‘ಕಡಲ್ ಓಸೈ’ ಎಂಬ ಸಮುದಾಯ ರೇಡಿಯೋ ಇದೆ. ಕಡಲ ದನಿ ಎಂದು ಅರ್ಥ. 2016ರ ಆಗಸ್ಟ್ 15ರಂದು ಶುರುವಾದದ್ದು. ಮೀನುಗಾರರು ಮೀನುಗಾರರಿಗಾಗಿ ನಡೆಸುವ ಆ ಕೇಂದ್ರ ಹವಾಮಾನ ಬದಲಾವಣೆಯ ಬಗ್ಗೆಯೂ ಕಾರ್ಯಕ್ರಮ ಮಾಡುತ್ತದೆ. ಇದನ್ನು ಓದಿದಾಗ, ನಮ್ಮ ಮಲಪ್ರಭೆಯ ದಂಡೆಗೂ ಒಂದು ಇಂಥದ್ದು ಇದ್ದಿದ್ದರೆ ಅನ್ನಿಸಿತು. ಹೊರಗಿನವರು ಬಂದು ಕೇಳುವುದಕ್ಕೆ ಕಾಯಬೇಕಾಗಿರಲಿಲ್ಲ.

ನನಗೆ ಅತಿ ಹೆಚ್ಚು ಕಲಿಸಿದ್ದು ಅನಂತಪುರದ ವರದಿ. ಬಳ್ಳಾರಿಯ ಗಡಿಗೆ ಹತ್ತಿ ಬೊಮ್ಮನಹಾಳ್ ಮಂಡಲದಲ್ಲಿ ದರ್ಗಾ ಹೊನ್ನೂರು ಎಂಬ ಊರು, ಅಲ್ಲಿ ಹೊಲಗಳ ಮೇಲೆ ಮರಳು ಬಂದು ಕೂರುತ್ತದೆ. ಮರುಭೂಮಿಯ ದೃಶ್ಯ ಬೇಕಾದ ಸಿನಿಮಾದವರು ಹುಡುಕಿಕೊಂಡು ಬರುವಷ್ಟು ಮರಳು. ಅದು ವೇದಾವತಿಯ ಪಾತ್ರದ ಮರಳು. ನಾವು ಹಗರಿ ಅನ್ನುವುದೂ ಅದೇ ಹೊಳೆಯನ್ನು, ನಮ್ಮ ಚಿತ್ರದುರ್ಗದ ವಾಣಿವಿಲಾಸ ಸಾಗರ ದಾಟಿ ಹೋಗುವ ನೀರು. ಬಳ್ಳಾರಿ ಕಡೆಗೆ ಹೋಗುವಾಗ ಹಗರಿ ಸೇತುವೆಯ ಕೆಳಗೆ ನೀರಿಗಿಂತ ಮರಳನ್ನೇ ಹೆಚ್ಚು ನೋಡಿದವಳು ನಾನು. ವರದಿ ಎಲ್ಲವನ್ನೂ ಇಂಗಾಲದ ತಲೆಗೆ ಕಟ್ಟುವುದಿಲ್ಲ. ಕಡಿದ ಗಿಡಮರ, ಬತ್ತಿದ ಹೊಳೆ, ಸಾಲುಸಾಲು ಕೊರೆದ ಬೋರ್‌ವೆಲ್ಲು, ವರ್ಷಾನುವರ್ಷ ಶೇಂಗಾ ಒಂದನ್ನೇ ಬಿತ್ತಿದ್ದು, ಇವೆಲ್ಲ ಕೂಡಿ ನೆಲ ಬತ್ತಲಾಯಿತು, ಅದರ ಮೇಲೆ ಬಿಸಿಲು ಮತ್ತು ಮಳೆ ಕೈಕೊಟ್ಟವು ಎಂದು ಒಂದೊಂದೇ ಎಳೆ ಬಿಡಿಸುತ್ತದೆ. ನಮ್ಮ ಕಡೆಯ ನೆರೆಯ ಬಗ್ಗೆಯೂ ಯಾರಾದರೂ ಹೀಗೆ ಬರೆಯಬೇಕು. ಮಳೆ ಎಷ್ಟು, ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಎಷ್ಟು, ಹೊಳೆಯ ಪಾತ್ರವನ್ನೇ ಹೊಲ ಮಾಡಿಕೊಂಡಿದ್ದು ಎಷ್ಟು. ಎಲ್ಲವನ್ನೂ ‘ಹವಾಮಾನ ವೈಪರೀತ್ಯ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಯಾರೂ ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲ.

ಅರುಣಾಚಲದ ಪಶ್ಚಿಮ ಕಾಮೆಂಗ್ ಜಿಲ್ಲೆಯ ಬ್ರೋಕ್ಪಾ ಜನರ ವರದಿಯನ್ನೂ ಓದಿ. ಯಾಕ್ ಮೇಯಿಸುವವರು. ಯಾಕ್ ತಣ್ಣನೆಯ ಎತ್ತರದ ಪ್ರಾಣಿ, ಸೆಕೆ ತಡೆಯುವುದಿಲ್ಲ. ಬೆಟ್ಟದಲ್ಲಿ ಬಿಸಿ ಏರಿದಂತೆ ಜನ ದನಗಳ ಹಿಂದೆ ಇನ್ನೂ ಮೇಲೆ, ಇನ್ನೂ ಬೇಗ ಹತ್ತಬೇಕಾಗಿದೆ. ನಮ್ಮ ಕಡೆ ಕುರಿಗಾಹಿಗಳ ಮಕ್ಕಳು ತರಗತಿಯಲ್ಲಿದ್ದರೆ ಇದನ್ನೇ ಓದಿ. ಯಾರೂ ವಿವರಿಸಬೇಕಾಗುವುದಿಲ್ಲ.

ಮಳೆಯ ಮಾತಿಗೆ ಬಂದರೆ, ಮಹಾರಾಷ್ಟ್ರದ ಸೋಲಾಪುರ, ಲಾತೂರಿನ ವರದಿಗಳು ನಮಗೆ ಬಹಳ ಹತ್ತಿರ. ಅವರೂ ಜೋಳದವರೇ, ಮಳೆಯನ್ನು ನಕ್ಷತ್ರದ ಮೇಲೆ ಎಣಿಸುವವರೇ. ಮೃಗಶಿರಾ ಮಳೆಗೆ ನಮ್ಮಲ್ಲಿ ಮಿರಗ, ಅವರಲ್ಲಿ ಮೃಗ. ಲಾತೂರಿನಲ್ಲಿ 43 ಡಿಗ್ರಿ ಬಿಸಿಲೂ ಆಲಿಕಲ್ಲಿನ ಹೊಡೆತವೂ ಬೆನ್ನಿಗೆ ಬೆನ್ನು ಹಚ್ಚಿ ಬರುವುದನ್ನು ಓದುವಾಗ ನನಗೆ ಆಯಿಯ ಲೆಕ್ಕ ನೆನಪಾಯಿತು. 2009ರ ನೀರು ಬಂದದ್ದು ಹಸ್ತ ಮಳೆಯಲ್ಲಿ. ಬಿಳಿಜೋಳ ಬಿತ್ತುವ ಹದಕ್ಕೆ ಹಸ್ತ ಬೇಕು ಎನ್ನುತ್ತಿದ್ದಳು, ಆ ವರ್ಷ ಹಸ್ತವೇ ಮನೆ ತೆಗೆದುಕೊಂಡು ಹೋಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತ ನೆರೆ ಅದು. ಮತ್ತೆ 2019ರ ಆಗಸ್ಟ್, ಆಶ್ಲೇಷ ಮಳೆ. ಆ ಸಲ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಿದರು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳಲ್ಲಿ ನಾಲ್ಕು ಮಂದಿಗೆ ಗೊತ್ತಿತ್ತು. ಮನೆಯ ಹಿರಿಯರನ್ನು ಕೇಳಿ ಯಾವ ನಕ್ಷತ್ರದಲ್ಲಿ ಮೊದಲು ಹೇಗೆ ಸುರಿಯುತ್ತಿತ್ತು, ಈಗ ಹೇಗೆ ಎಂದು ಬರೆದುಕೊಂಡು ಬನ್ನಿ ಅಂದೆ. ಮೂವತ್ತೊಂದು ನೋಟ್‌ಬುಕ್ಕು ಬಂದವು. ಒಬ್ಬನ ಅಜ್ಜ ಹುಬ್ಬಿ ಮಳೆಯ ಬಗ್ಗೆಯೇ ಎರಡು ಪುಟ ಹೇಳಿ ಬರೆಸಿದ್ದರು. ಆ ಪುಸ್ತಕಗಳನ್ನು ನಾನು ಇನ್ನೂ ಮಕ್ಕಳಿಗೆ ತಿರುಗಿಸಿಲ್ಲ.

ಈ ಸೇವೆ ಯಾರಿಗಲ್ಲ ಎಂಬುದನ್ನೂ ಹೇಳಬೇಕು. ನಾಳೆ ಹೊಳೆ ಬರುತ್ತದೆಯೇ, ಈ ಸಂಜೆ ಸಿಡಿಲು ಬೀಳುತ್ತದೆಯೇ ಎಂದು ತಿಳಿಯಬೇಕಾದವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಅದಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಇದೆ, ಸಿಡಿಲಿಗೆ ‘ಸಿಡಿಲು’ ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇವೆ. ಅವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಇದು ಬೇರೆ ಕೆಲಸದ್ದು. ಹಾಗೆಯೇ ಇದು ಭಾರತದ ಹಳ್ಳಿಗಳದ್ದು. ಜಗತ್ತಿನ ಉಳಿದ ಕಡೆ ಏನಾಗುತ್ತಿದೆ ಎಂಬುದಕ್ಕೆ ಬೇರೆ ಕಡೆ ಹೋಗಬೇಕು, ಅಲ್ಲಿ ಕನ್ನಡದ ಓದುಗರಿಗೆ ದಾರಿ ಕಷ್ಟ.

ಆ ಕಷ್ಟದ ಬಗ್ಗೆ ಸ್ವಲ್ಪ. ನಮಗೆ ಬರುವ ವಿದೇಶದ ನೆರೆ, ಬೆಂಕಿ, ಬಿಸಿಲಿನ ಸುದ್ದಿ ಸಾಮಾನ್ಯವಾಗಿ ಎರಡು ಕಾಲಂ ಇರುತ್ತದೆ. ಎಷ್ಟು ಜನ ಸತ್ತರು, ಎಷ್ಟು ಲಕ್ಷ ಜನ ನಿರಾಶ್ರಿತರು. ಸಂಖ್ಯೆ ಬೇಡ ಎನ್ನುತ್ತಿಲ್ಲ, ಸಂಖ್ಯೆಯ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಬೇಕು. ಜಿನೀವಾದಲ್ಲಿ ಆಂತರಿಕ ಸ್ಥಳಾಂತರದ ಲೆಕ್ಕ ಇಡುವ ಒಂದು ಕೇಂದ್ರವಿದೆ. 2024ರಲ್ಲಿ ವಿಕೋಪಗಳಿಂದಾಗಿ ಜಗತ್ತಿನಲ್ಲಿ 4.58 ಕೋಟಿ ಸ್ಥಳಾಂತರಗಳಾದವು ಎಂಬುದು ಅವರ ಲೆಕ್ಕ. ಇದು ಜನರ ಎಣಿಕೆ ಅಲ್ಲ, ಮನೆ ಬಿಟ್ಟು ಓಡಿದ ಸಲಗಳ ಎಣಿಕೆ. ಒಬ್ಬಳೇ ವರ್ಷದಲ್ಲಿ ಮೂರು ಸಲ ಓಡಿದರೆ ಮೂರು. ಇದನ್ನು ಹೇಳದೆ ‘4.58 ಕೋಟಿ ಜನ’ ಎಂದು ಬರೆದರೆ, ಮೂರು ಸಲ ಗಂಟು ಕಟ್ಟಿದ ಆ ಒಬ್ಬಳು ಕಾಣೆಯಾಗುತ್ತಾಳೆ.

2022ರ ಪಾಕಿಸ್ತಾನದ ನೆರೆಯನ್ನು ತೆಗೆದುಕೊಳ್ಳಿ. 3.3 ಕೋಟಿ ಜನರಿಗೆ ತಟ್ಟಿತು, 1,700ಕ್ಕೂ ಹೆಚ್ಚು ಮಂದಿ ಸತ್ತರು. ಸಿಂಧ್ ಮತ್ತು ಬಲೂಚಿಸ್ತಾನದಲ್ಲಿ ಐದು ದಿನ ಸುರಿದ ಆ ಜಡಿಮಳೆ, ಭೂಮಿ ಬಿಸಿಯಾಗದೆ ಇದ್ದಿದ್ದರೆ ಸುರಿಯುತ್ತಿದ್ದುದಕ್ಕಿಂತ ಸುಮಾರು ಶೇ 75ರಷ್ಟು ಹೆಚ್ಚು ಎಂದು ‘ವರ್ಲ್ಡ್ ವೆದರ್ ಅಟ್ರಿಬ್ಯೂಷನ್’ ವಿಜ್ಞಾನಿಗಳು ಕೆಲವೇ ವಾರಗಳಲ್ಲಿ ಅಂದಾಜು ಕೊಟ್ಟರು. ಜಗತ್ತಿನ ಹೊಗೆಯಲ್ಲಿ ಆ ದೇಶದ ಪಾಲು ಶೇ 1ಕ್ಕಿಂತ ಕಡಿಮೆ. ಇಷ್ಟು ನಮ್ಮ ಪೇಪರುಗಳಲ್ಲೂ ಬಂತು. ಆದರೆ ಆ ಸೆಪ್ಟೆಂಬರಿನಲ್ಲಿ, ದೊಡ್ಡ ಪಟ್ಟಣಗಳನ್ನು ಉಳಿಸಲು ಅಧಿಕಾರಿಗಳು ಮಂಚರ್ ಸರೋವರದ ಏರಿಯನ್ನು ತಾವೇ ಒಡೆದರು. ಆ ನೀರು ಇನ್ನೊಂದು ಕಡೆಯ ಹಳ್ಳಿಗಳ ಮೇಲೆ ಹೋಯಿತು. ಹೊಳೆಯ ದಂಡೆಯವರಿಗೆ ಗೊತ್ತು, ಎಂಥ ಕಡೆಯಲ್ಲಿ ಏರಿ ಒಡೆಯುತ್ತಾರೆ ಎಂದು. ಒಡೆಯುವ ರಾತ್ರಿ ಆ ಹಳ್ಳಿಯವರಿಗೆ ಯಾರು ಹೇಳಿದರು, ಹೇಗೆ ಹೇಳಿದರು ಎಂಬುದನ್ನು ಓದಲು ನಾನು ಇಂಗ್ಲಿಷಿನಲ್ಲಿ ಹುಡುಕಬೇಕಾಯಿತು. ಆ ವಿಜ್ಞಾನಿಗಳ ತಂಡದ ಕೆಲಸವೂ ನಮಗೆ ದೂರದ್ದಲ್ಲ. ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದಾಗ, ಆ ಮಳೆ ಸುಮಾರು ಶೇ 10ರಷ್ಟು ಜೋರಾಗಿದ್ದಕ್ಕೆ ತಾಪಮಾನದ ಏರಿಕೆ ಕಾರಣ ಎಂದವರೂ ಇವರೇ.

ತಿರುಗಿ ಹೋಗಿ ಕೇಳುವುದು ಎಂದರೆ ಏನೆಂದು ನನಗೆ ತೋರಿಸಿಕೊಟ್ಟದ್ದು ಕೆನಡಾದ ಒಂದು ಸರ್ಕಾರಿ ವರದಿ. 2021ರ ಜೂನ್ ಕೊನೆಯಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಯಾರೂ ಕಂಡರಿಯದ ಬಿಸಿಲು. ಲಿಟನ್ ಎಂಬ ಸಣ್ಣ ಊರಲ್ಲಿ 49.6 ಡಿಗ್ರಿ, ಮರುದಿನವೇ ಬೆಂಕಿಗೆ ಆ ಊರು ಸುಟ್ಟುಹೋಯಿತು. ಕ್ಯಾಮೆರಾಗಳೆಲ್ಲ ಬೆಂಕಿಯ ಕಡೆ ತಿರುಗಿದವು. ಆದರೆ ಅಸಹಜ ಸಾವುಗಳ ವಿಚಾರಣೆ ಮಾಡುವ ಅಲ್ಲಿನ ಕಚೇರಿ ಒಂದು ವರ್ಷ ಕೂತು ಬಿಸಿಲಿಗೆ ಸತ್ತವರನ್ನು ಒಬ್ಬೊಬ್ಬರಾಗಿ ನೋಡಿತು. 619 ಜನ. ಅವರಲ್ಲಿ ಶೇ 98ರಷ್ಟು ಮಂದಿ ಸತ್ತದ್ದು ಮನೆಯೊಳಗೆ. ಅರ್ಧಕ್ಕಿಂತ ಹೆಚ್ಚು ಜನ ಒಂಟಿಯಾಗಿ ಇದ್ದವರು, ಬಹುಪಾಲು ಎಪ್ಪತ್ತು ದಾಟಿದವರು. ಬಿಸಿಲಿಗೆ ಸಾಯುವುದೆಂದರೆ ಹೊಲದಲ್ಲಿ, ರಸ್ತೆಯಲ್ಲಿ ಬೀಳುವುದು ಎಂದುಕೊಂಡಿದ್ದೆ. ಕಿಟಕಿ ಮುಚ್ಚಿದ ಕೋಣೆ, ಬಾಗಿಲು ಬಡಿಯುವವರಿಲ್ಲದ ಎರಡು ದಿನ, ಹೀಗೂ ಇರುತ್ತದೆ ಎಂದು ತಿಳಿದದ್ದು ಅದರಿಂದ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ತಗಡಿನ ಮನೆಯಲ್ಲಿ ಒಂಟಿಯಾಗಿರುವ ಇಬ್ಬರು ಮುದುಕಿಯರಿದ್ದಾರೆ. ಏಪ್ರಿಲ್ ಬಂದರೆ ಮಧ್ಯಾಹ್ನ ಒಂದು ಸಲ ಅವರ ಬಾಗಿಲು ಬಡಿದು ಬರುತ್ತೇನೆ, ಆ ವರದಿ ಓದಿದಾಗಿನಿಂದ.

ಇನ್ನೊಂದು ಅಮೆರಿಕದ್ದು. ಲೂಸಿಯಾನದ ಐಲ್ ದೆ ಜಾನ್ ಚಾರ್ಲ್ಸ್ ದ್ವೀಪ, ಅಲ್ಲಿದ್ದವರಲ್ಲಿ ಹೆಚ್ಚಿನವರು ಮೂಲನಿವಾಸಿ ಜನ. 1955ರಿಂದ ಈಚೆಗೆ ದ್ವೀಪದ ನೆಲದಲ್ಲಿ ಶೇ 98ರಷ್ಟು ನೀರಿನ ಪಾಲು. ಸರ್ಕಾರ 2016ರಲ್ಲಿ 4.8 ಕೋಟಿ ಡಾಲರ್ ಕೊಟ್ಟಿತು, 2022ರಲ್ಲಿ ಸುಮಾರು 64 ಕಿಲೋಮೀಟರ್ ಒಳಗೆ ಹೊಸ ಮನೆಗಳಿಗೆ ಜನ ಹೋದರು. ಪನಾಮದ ಗಾರ್ಡಿ ಸುಗ್ದುಬ್ ದ್ವೀಪದ ಸುಮಾರು 300 ಗುನಾ ಕುಟುಂಬಗಳು 2024ರ ಜೂನಿನಲ್ಲಿ ದಡಕ್ಕೆ ಬಂದವು. ಇವುಗಳ ಸುದ್ದಿ ಓದುವಾಗ ನಾನು ಬೀಗದ ಕೈ ಕೊಡುವ ಫೋಟೋದಲ್ಲಿ ನಿಲ್ಲುವುದಿಲ್ಲ, ಅಲ್ಲಿಂದ ಮುಂದೆ ಏನಾಯಿತು ಎಂದು ಹುಡುಕುತ್ತೇನೆ. ಯಾಕೆಂದರೆ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆಂದು ಸರ್ಕಾರ ಮಾಡಿದ ‘ಆಸರೆ’ ಯೋಜನೆಯ ಮನೆ ನಮಗೂ ಸಿಕ್ಕಿತು. ಹೊಳೆಯಿಂದ ದೂರ, ಎತ್ತರದ ಜಾಗ, ನೀರಿನ ಭಯವಿಲ್ಲ, ಅದು ನಿಜ. ಆದರೆ ಹೊಲ ಹೊಳೆಯ ಹತ್ತಿರವೇ ಉಳಿಯಿತು. ಎಮ್ಮೆ ಕಟ್ಟಲು ಜಾಗವಿಲ್ಲದೆ ಅಪ್ಪ ಒಂದು ವರ್ಷಕ್ಕೆ ಎಮ್ಮೆ ಮಾರಿದ. ಕೆಲವರು ಹಗಲು ಹಳೇ ಊರು, ರಾತ್ರಿ ಹೊಸ ಊರು ಎಂದು ಹತ್ತು ವರ್ಷ ನಡೆದಾಡಿದರು. 2019ರಲ್ಲಿ ಬಿದ್ದ ಮನೆಗಳಿಗೆ ‘ಎ’, ‘ಬಿ’, ‘ಸಿ’ ಎಂದು ದರ್ಜೆ ಹಾಕಿದರು, ‘ಎ’ ದರ್ಜೆಗೆ 5 ಲಕ್ಷ ರೂಪಾಯಿ. ಪಂಚನಾಮೆಯ ಹಾಳೆಯಲ್ಲಿ ಗೋಡೆಗೆ ಕಾಲಂ ಇತ್ತು, ದನಕ್ಕೆ ಕಾಲಂ ಇತ್ತು. ಓಣಿಗೆ ಕಾಲಂ ಇರಲಿಲ್ಲ. ಹವಾಮಾನ ಬದಲಾವಣೆಯಿಂದ ಆಗುವ ‘ನಷ್ಟ ಮತ್ತು ಹಾನಿ’ಗಾಗಿ ಒಂದು ನಿಧಿ ಮಾಡಬೇಕೆಂದು 2022ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ದೇಶಗಳು ಒಪ್ಪಿದವು. ಹಣದಲ್ಲಿ ಅಳೆಯಲಾಗದ ನಷ್ಟ ಎಂಬ ಮಾತು ಅಲ್ಲಿನ ಚರ್ಚೆಗಳಲ್ಲೂ ಇದೆ. ಅದಕ್ಕೆ ಕಾಲಂ ಮಾಡುವವರಿಗೆ ಏನು ಬರೆಯಬೇಕೆಂದು ಇಂಥ ವರದಿಗಳು ತೋರಿಸಬಲ್ಲವು.

ನಕ್ಷತ್ರ ಕೊಡಿ ಎಂದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ನನ್ನ ಆಸೆಗೆ: ಇಂಥದ್ದೇ ಒಂದು ಜಗತ್ತಿನ ಸರಣಿ, ಸಿಂಧ್‌ನಿಂದ ಲೂಸಿಯಾನದವರೆಗಿನ ಜನರ ಮಾತು, ಕನ್ನಡದಲ್ಲೇ ಸಿಗಬೇಕು.

ಕಳೆದ ಚಳಿಗಾಲದಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಿದೆವು. ಟಿ.ವಿ. ನೋಡುವಂತಿಲ್ಲ, ಒಲೆಯ ಮುಂದೆ ಹೋಗುವಂತಿಲ್ಲ, ಹಸಿರು ಪಟ್ಟಿ ಕಟ್ಟಿಕೊಂಡು ಬೇಸರದಲ್ಲಿ ಕೂತಿದ್ದಳು. ಸಂಜೆ ಹೊತ್ತು ಫೋನು ಹಿಡಿದು ಈ ವರದಿಗಳನ್ನು ಓದಿ ಹೇಳುತ್ತಿದ್ದೆ. ಪಾಚಿ ಕೀಳುವ ಹೆಂಗಸರದ್ದನ್ನು ಕೇಳಿ, “ಬೆರಳಿಗೆ ಸುತ್ತಿದ ಅರಿವಿ ಹಸಿ ಇದ್ರ ಒಳಗ ಕೊಳಿತೈತಿ, ಕೊಬ್ಬರಿ ಎಣ್ಣಿ ಹಚ್ಚಬೇಕು” ಅಂದಳು. ಒಂದು ದಿನ ಸುಂದರಬನದ್ದು ಓದುತ್ತಿದ್ದೆ. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಬಂದು ಉಪ್ಪುನೀರು ಗದ್ದೆಗಳಲ್ಲಿ ನಿಂತದ್ದು. ನಮ್ಮ ನೆರೆಯ ವರ್ಷವೇ, ನಾಲ್ಕು ತಿಂಗಳು ಮೊದಲು. ಅವ್ವ ನಡುವೆ ತಡೆದಳು.

“ಅವರು ಕೋಳಿ ಏನ್ ಮಾಡಿದ್ರಂತ?”

“ಯಾಕವ್ವಾ?”

“ನಿಮ್ಮ ಆಯಿ ಟ್ರಂಕಿನ್ಯಾಗ ಕೋಳಿ ಇತ್ತಲ್ಲ.”

ನಾನು ಫೋನು ಕೆಳಗಿಟ್ಟೆ. ಅವ್ವ ಪಟ್ಟಿ ಕಟ್ಟಿದ ಮುಖ ಗೋಡೆಯ ಕಡೆ ಮಾಡಿಕೊಂಡು ಹೇಳಿದಳು. ಹೊಳೆ ಬಂದ ರಾತ್ರಿ ಅಟ್ಟದ ಮೂಲೆಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು, ಹನ್ನೊಂದು ತತ್ತಿಯ ಮೇಲೆ, ಹದಿನೈದನೆಯ ದಿನ. ಟ್ರ್ಯಾಕ್ಟರ್ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಿದ್ದರೆ ಆಯಿ ಟ್ರಂಕಿನಲ್ಲಿದ್ದ ಸೀರೆ, ಪಾತ್ರೆ ಎಲ್ಲ ನೆಲಕ್ಕೆ ಸುರಿದು, ತಳಕ್ಕೆ ಹೊಟ್ಟು ಹಾಕಿ, ಕೋಳಿಯನ್ನು ತತ್ತಿ ಸಮೇತ ಅದರಲ್ಲಿ ಕೂರಿಸಿದಳು. ಉಸಿರಾಡಲಿ ಎಂದು ಮುಚ್ಚಳದ ಸಂದಿಗೆ ಸವಟು ತುರುಕಿದಳು. ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದಳಂತೆ, ಕೋಳಿ ಎದ್ದರೆ ತಿಳಿಯಲಿ ಎಂದು. ಗಂಜಿ ಕೇಂದ್ರ ಮಾಡಿದ್ದ ಶಾಲೆಯ ಕೋಣೆಯಲ್ಲಿ ಒಂದು ವಾರಕ್ಕೆ ಒಂಬತ್ತು ಮರಿ ಒಡೆದವು. ಓಣಿಯ ಮಕ್ಕಳೆಲ್ಲ ತಮ್ಮ ತಟ್ಟೆಯ ಅನ್ನ ತಂದು ಹಾಕುತ್ತಿದ್ದರು.

ಆಯಿಯ ಹೆಸರನ್ನು ಇಲ್ಲಿ ಬರೆಯಲೇ ಎಂದು ಅವ್ವನನ್ನು ಕೇಳಿದೆ. ಫೋನಿನಾಗ ಬ್ಯಾಡ, ಮನ್ಯಾಗ ಇರಲಿ ಅಂದಳು. ಕಟಿಂಗಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಆಯಿಯ ಪೂರ್ತಿ ಹೆಸರು, ಊರಿನ ಸರಿಯಾದ ಹೆಸರು, ಹಸ್ತ ಮಳೆ, ಕೋಳಿ ಒಂದು, ತತ್ತಿ ಹನ್ನೊಂದು.